ಯಾವ ಕಾಲಿಗೆ ಬೀಗ

ಬಸ್ಸಿನ ಸೀಟಿನಿಂದ ಏಳುವ ಮುಂಚೆ ನಾನು ಬಲಗಾಲಿನ ಹಿಮ್ಮಡಿಯನ್ನು ಒಮ್ಮೆ ಹೊರಕ್ಕೆ ತಿರುಗಿಸುತ್ತೇನೆ. ಬೇಕೆಂದು ಮಾಡುವುದಲ್ಲ, ತಾನಾಗಿಯೇ ಆಗುತ್ತದೆ. ಮದುವೆ ಮನೆಯ ಪಂಕ್ತಿಯಿಂದ ಏಳುವಾಗಲೂ ಅಷ್ಟೆ, ಹಲ್ಲಿನ ಡಾಕ್ಟರ ಕುರ್ಚಿಯಿಂದ ಇಳಿಯುವಾಗಲೂ ಅಷ್ಟೆ. ಮೊನ್ನೆ ನಂಜನಗೂಡಿನ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸೊಬ್ಬರು ತಮ್ಮ ತರಕಾರಿ ಚೀಲವನ್ನು ಎಳೆದುಕೊಂಡು, ಕಾಲಿಗೆ ಏನಾದರೂ ಸಿಕ್ಕಿಕೊಂಡಿತೇ ಎಂದು ಕೇಳಿದರು. ಏನೂ ಇಲ್ಲ ಎಂದೆ. ಬೀಗ ತೆಗೆದೆ ಎಂದರೆ ಅವರು ಇನ್ನಷ್ಟು ದೂರ ಸರಿಯುತ್ತಿದ್ದರು.

ನಿಮಗಾದರೆ ವಿವರಿಸಬಹುದು. ವಿವರಿಸುವಷ್ಟು ನನಗೇ ಅರ್ಥವಾಗಿದೆಯೇ ಎಂಬುದು ಬೇರೆ ಮಾತು. ಗುಡ್ಡಗಾಡಿನಲ್ಲಿ ಓಡಿಸುವ ದಪ್ಪ ಟೈರಿನ ಗೇರ್ ಸೈಕಲ್ಲುಗಳಿಗೆ ಒಂದು ಬಗೆಯ ಪೆಡಲ್ ಬರುತ್ತದೆ. ಅದಕ್ಕೆಂದೇ ಮಾಡಿದ ಶೂ ಇರುತ್ತದೆ. ಆ ಶೂವಿನ ಅಟ್ಟೆಯಲ್ಲಿ ಹುಣಸೆಬೀಜಕ್ಕಿಂತ ತುಸು ದೊಡ್ಡದಾದ ಕಬ್ಬಿಣದ ತುಂಡೊಂದನ್ನು ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಪೆಡಲಿನ ಮೇಲೆ ಕಾಲಿಟ್ಟು ಒತ್ತಿದರೆ ಟಕ್ ಎಂದು ಕಚ್ಚಿಕೊಳ್ಳುತ್ತದೆ. ಬಿಡಿಸಿಕೊಳ್ಳಬೇಕಾದರೆ ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು. ಇಷ್ಟು ಬಿಗಿಯಾಗಿ ಕಚ್ಚುವ ಪೆಡಲಿಗೆ ಅದನ್ನು ಮಾಡಿದ ಪುಣ್ಯಾತ್ಮರು ಇಟ್ಟಿರುವ ಹೆಸರು ಕ್ಲಿಪ್‌ಲೆಸ್, ಅಂದರೆ ಕ್ಲಿಪ್ಪೇ ಇಲ್ಲದ್ದು. ನನ್ನ ಗೊಂದಲ ಶುರುವಾದದ್ದೇ ಅಲ್ಲಿಂದ. ನಮ್ಮ ಮನೆಯಲ್ಲಿ ನಾವು ಅದನ್ನು ಬೀಗದ ಪೆಡಲ್ ಎಂದೇ ಕರೆದೆವು.

ಈಗ ನನ್ನ ಕಾಲಿನ ವಿಷಯ ಹೇಳಬೇಕು. ಮಗುವಾಗಿದ್ದಾಗ ಬಂದ ಜ್ವರವೊಂದು ಹೋಗುವಾಗ ನನ್ನ ಎಡಗಾಲಿನ ಬಲವನ್ನು ಜೊತೆಗೆ ಒಯ್ದಿತು. ಕಾಲು ಇದೆ, ಸಣಕಲು. ಬೆರಳು ಆಡುತ್ತವೆ, ಪಾದ ಮಾತು ಕೇಳುವುದಿಲ್ಲ. ಎಡಪಾದ ಬಲಪಾದಕ್ಕಿಂತ ಚಿಕ್ಕದು, ಹಾಗಾಗಿ ಯಾವ ಅಂಗಡಿಯಲ್ಲೂ ನನಗೆ ಹೊಂದುವ ಜೋಡಿ ಇಲ್ಲ. ತಿ. ನರಸೀಪುರದ ನಮ್ಮ ಬೀದಿಯಲ್ಲಿ ಇದೇನೂ ದೊಡ್ಡ ಸುದ್ದಿಯಾಗಿರಲಿಲ್ಲ. ಆದರೆ ಮನೆಯಲ್ಲಿ ಎಲ್ಲರಿಗೂ ಆ ಎಡಗಾಲೇ ಮುಖ್ಯ. ಎಣ್ಣೆ ತಿಕ್ಕುವುದು ಅದಕ್ಕೆ, ನಂಜುಂಡೇಶ್ವರನಿಗೆ ಬೆಳ್ಳಿಯ ಕಾಲು ಮಾಡಿಸಿ ಒಪ್ಪಿಸಿದ್ದು ಅದಕ್ಕೆ, ಬಂದ ನೆಂಟರು ಮುಟ್ಟಿ ನೋಡುತ್ತಿದ್ದದ್ದೂ ಅದನ್ನೇ. ಅದು ಮನೆಗೆ ಬಂದ ಅಳಿಯನ ಹಾಗೆ ಕೂತು ಮರ್ಯಾದೆ ಮಾಡಿಸಿಕೊಳ್ಳುತ್ತಿತ್ತು. ದುಡಿಯುತ್ತಿದ್ದದ್ದು ಇನ್ನೊಂದು.

ಹೈಸ್ಕೂಲಿಗೆ ಬಂದಾಗ ನನಗೆ ಸೈಕಲ್ ಕಲಿಯುವ ಹುಚ್ಚು ಹತ್ತಿತು. ತೊಂಬತ್ತರ ದಶಕದ ಆರಂಭ ಅದು, ನಮ್ಮ ತರಗತಿಯ ಹುಡುಗಿಯರೆಲ್ಲ ಸೈಕಲ್ ಹತ್ತಿದ್ದರು. ನನ್ನ ಸೋದರಮಾವ ಬಸವಣ್ಣ ಧೈರ್ಯದ ಮನುಷ್ಯ. ನನ್ನ ಎಡಗಾಲು ಪೆಡಲಿನಿಂದ ಜಾರಿ ಜಾರಿ ಬೀಳುವುದನ್ನು ನೋಡಿ, ಹಳೆಯ ಟ್ಯೂಬಿನಿಂದ ಒಂದು ಪಟ್ಟಿ ಕತ್ತರಿಸಿ ಪಾದವನ್ನು ಪೆಡಲಿಗೆ ಸುತ್ತಿ ಕಟ್ಟಿದ. “ಎದ್ರಬ್ಯಾಡ ಕಣಮ್ಮಿ, ಕಾಲು ಇನ್ನೆಲ್ಲಿಗೂ ಓಗಾಕಿಲ್ಲ” ಎಂದು ಹಿಂದಿನಿಂದ ನೂಕಿದ. ಕಾಲು ಎಲ್ಲಿಗೂ ಹೋಗಲಿಲ್ಲ ನಿಜ. ಸಂಗಮಕ್ಕೆ ಇಳಿಯುವ ದಾರಿಯಲ್ಲಿ ಸೈಕಲ್ ಎಡಕ್ಕೆ ವಾಲಿದಾಗ ಕಾಲು, ಸೈಕಲ್, ನಾನು ಮೂವರೂ ಒಟ್ಟಿಗೇ ಹೋದೆವು. ಗಾಯವೇನೂ ದೊಡ್ಡದಲ್ಲ. ಆದರೆ ಕಟ್ಟಿದ ಕಾಲಿನ ಸಮೇತ ಬಿದ್ದವಳನ್ನು ಬಿಡಿಸಲು ನದಿಗೆ ಬಟ್ಟೆ ಒಗೆಯಲು ಹೋಗುತ್ತಿದ್ದ ಹೆಂಗಸರೆಲ್ಲ ಸೇರಬೇಕಾಯಿತು. ಆ ಸುದ್ದಿ ನನಗಿಂತ ಮುಂಚೆ ಮನೆ ಸೇರಿತು. ಅವ್ವ ಸೈಕಲ್ಲಿನ ಹೆಸರೆತ್ತಬಾರದು ಎಂದಳು, ಮಾವನ ಜೊತೆ ಕೆಲವು ದಿನ ಮಾತೂ ಬಿಟ್ಟಳು.

ಸೈಕಲ್ಲಿನ ಹೆಸರನ್ನು ನಾನು ಮತ್ತೆ ಎತ್ತಿದ್ದು ಟೀಚರಾದ ಮೇಲೆ. ಆಗ ಅಪ್ಪ ಇರಲಿಲ್ಲ. ಅವ್ವ ಮತ್ತು ನಾನು ನಂಜನಗೂಡಿನಲ್ಲಿ ರೈಲ್ವೆ ಗೇಟಿನ ಹತ್ತಿರ ಬಾಡಿಗೆಗೆ ಇದ್ದೆವು. ನನ್ನ ಶಾಲೆ ದೇವನೂರಿನಿಂದ ಒಳಗೆ. ಬಸ್ಸು ದೇವನೂರಿಗೆ ಬಿಟ್ಟು ಮುಂದಿನದು ನಿಮ್ಮ ಪಾಡು ಎಂಬಂತೆ ಹೋಗುತ್ತಿತ್ತು. ಅಲ್ಲಿಂದ ನಾಲೆಯ ಏರಿಯ ಮೇಲೆ ಮಣ್ಣಿನ ದಾರಿ. ನಡೆದರೆ ಮಧ್ಯಾಹ್ನದ ಊಟದ ಹೊತ್ತಿಗೆ ನಾನು ಶಾಲೆ ಸೇರುವಷ್ಟು ದೂರ. ನಾಗರತ್ನ ಎಂಬ ಟೀಚರೊಬ್ಬರು ತಮ್ಮ ಮೊಪೆಡ್ಡಿನ ಹಿಂದೆ ನನ್ನನ್ನು ಕೂರಿಸಿಕೊಂಡು ಹೋಗುತ್ತಿದ್ದರು. ಅವರಿಗೆ ಮೈಸೂರಿಗೆ ವರ್ಗವಾಯಿತು. ಅವರು ಸಂತೋಷಪಟ್ಟರು, ನಾನೂ ಪಡಬೇಕಾಯಿತು.

ನಮ್ಮ ಹೆಡ್‌ಮಾಸ್ಟರು ಒಳ್ಳೆಯವರು. ಒಂದು ದಿನ ಕರೆದು, ಬಿ.ಇ.ಓ. ಆಫೀಸಿಗೆ ಡೆಪ್ಯುಟೇಷನ್ ಮೇಲೆ ಕಳಿಸಲು ಬರೆಯುತ್ತೇನೆ ಎಂದರು. ಅಲ್ಲಿ ಟೇಬಲ್ ಕೆಲಸ, ಓಡಾಟವಿಲ್ಲ, ಮನೆಗೆ ಹತ್ತಿರ. “ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು ಮೇಡಂ” ಎಂದರು. ನಮ್ಮ ಒಳ್ಳೆಯದಕ್ಕೇ ಹೇಳುವವರಿಗೆ ಉತ್ತರ ಕೊಡುವುದು ಬಹಳ ಕಷ್ಟ. ನನಗೆ ಪಾಠ ಮಾಡುವುದು ಬಿಟ್ಟು ಬೇರೇನೂ ಸರಿಯಾಗಿ ಬರುವುದಿಲ್ಲ. ಎಂಟನೇ ತರಗತಿಗೆ ಬೆಳಕಿನ ವಕ್ರೀಭವನ ಶುರುಮಾಡಿದ್ದೆ. ನೀರಿನ ಲೋಟದಲ್ಲಿ ಪೆನ್ಸಿಲ್ ಮುರಿದಂತೆ ಕಾಣುವುದನ್ನು ನೋಡಿ ಮಕ್ಕಳು ಬಾಯಿ ಬಿಟ್ಟದ್ದನ್ನು ಬಿಟ್ಟು ಫ್ಯಾನಿನ ಕೆಳಗೆ ಕೂತು ನಾನು ಮಾಡುವುದೇನು? ದಸರಾ ರಜೆ ಮುಗಿಯುವವರೆಗೆ ಬರೆಯಬೇಡಿ, ಅಷ್ಟರಲ್ಲಿ ಏನಾದರೂ ಮಾಡಿಕೊಳ್ಳುತ್ತೇನೆ ಎಂದು ಕೇಳಿಕೊಂಡೆ. ಏನು ಮಾಡಿಕೊಳ್ಳುತ್ತೇನೆ ಎಂಬುದು ನನಗೆ ಗೊತ್ತಿರಲಿಲ್ಲ. ಪಕ್ಕಕ್ಕೆ ಎರಡು ಗಾಲಿ ಕೂಡಿಸಿದ ಸ್ಕೂಟರ್ ತೆಗೆದುಕೊಳ್ಳಲು ಮಾವ ಹೇಳಿದ. ಅದು ಏರಿಯ ಮೇಲಿನ ಗಾಡಿ ಜಾಡಿನಲ್ಲಿ ಒಂದು ಗಾಲಿ ಮೇಲೆ ಒಂದು ಗಾಲಿ ಕೆಳಗೆ ಆಗಿ ನಾಲೆಗೇ ಇಳಿಯುವಂಥದ್ದು.

ಆಗ ನಡುವೆ ಬಂದವರು ನಮ್ಮ ಪಿ.ಟಿ. ಮೇಷ್ಟ್ರು ಮಹದೇವಸ್ವಾಮಿ. ಬನ್ನೂರಿನವರು, ನನಗಿಂತ ಸ್ವಲ್ಪ ದೊಡ್ಡವರು, ಯಾಕೋ ಮದುವೆಯಾಗಿರಲಿಲ್ಲ. ಕಾಲೇಜಿನಲ್ಲಿದ್ದಾಗ ಸೈಕಲ್ ರೇಸುಗಳಿಗೆ ಹೋದವರು, ಈಗಲೂ ಸೈಕಲ್ ಎಂದರೆ ಊಟ ಮರೆಯುವವರು. ಸ್ಟಾಫ್ ರೂಮಿನಲ್ಲಿ ಇವರು ಮಾತಾಡಿದ್ದನ್ನು ಯಾರೂ ಹೆಚ್ಚು ಕೇಳಿರಲಿಲ್ಲ. ಆ ದಿನ ನನ್ನ ಮೇಜಿನ ಮುಂದೆ ನಿಂತು, ದಪ್ಪ ಟೈರಿನ ಗೇರ್ ಸೈಕಲ್ಲಾದರೆ ಏರಿಯ ದಾರಿಗೆ ಸರಿಹೋಗುತ್ತದೆ, ಕಾಲು ಜಾರದ ಹಾಗೆ ಮಾಡುವ ಪೆಡಲ್ ಇದೆ, ನಾನು ತರಿಸುತ್ತೇನೆ ಎಂದರು. ಟ್ಯೂಬಿನ ಪಟ್ಟಿಯ ಕತೆ ಹೇಳಿದೆ. ಅವರು ನಗಲಿಲ್ಲ. ಇದರಲ್ಲಿ ಬಿದ್ದರೆ ತಾನಾಗಿ ಬಿಟ್ಟುಕೊಳ್ಳುತ್ತದೆ ಎಂದರು. ಆಮೇಲೆ ಸ್ವಲ್ಪ ಯೋಚಿಸಿ, ಬಿಟ್ಟುಕೊಳ್ಳಬೇಕು ಎಂದು ತಿದ್ದಿದರು.

ಸೈಕಲ್ ಬಂತು. ಪೆಡಲೂ ಬಂತು. ಮೈಸೂರಿನ ಅವರ ಗೆಳೆಯನೊಬ್ಬ ರೇಸಿನಲ್ಲಿ ಬಳಸಿ ಬಿಟ್ಟದ್ದು, ಜೊತೆಗೆ ಅವನ ತಂಗಿಯ ಶೂ. ಅಟ್ಟೆಯ ಕೆಳಗೆ ಮೂರು ಸ್ಕ್ರೂ ಹಾಕಿ ಕೂರಿಸಿದ ದೊಡ್ಡ ಪ್ಲಾಸ್ಟಿಕ್ ತಟ್ಟೆ. ಅದನ್ನು ಹಾಕಿಕೊಂಡು ನಮ್ಮ ಮನೆಯ ರೆಡ್‌ಆಕ್ಸೈಡ್ ನೆಲದ ಮೇಲೆ ಎದ್ದು ನಿಂತೆ. ಅಡುಗೆಮನೆ ಕಡೆ ಹೊರಟವಳು ದೇವರ ಗೂಡಿನ ಮುಂದೆ ಹೋಗಿ ನಿಂತೆ. ಹಿಮ್ಮಡಿ ತಗ್ಗಿನಲ್ಲಿ, ಬೆರಳು ದಿಬ್ಬದಲ್ಲಿ, ಕೆಳಗೆ ಲಾಳ ಕಟ್ಟಿದ ಹಾಗೆ ಟಕಟಕ ಸದ್ದು. ಎರಡೂ ಕಾಲು ಸರಿಯಿದ್ದವರೂ ಅದರಲ್ಲಿ ನಡೆಯಲಾರರು. ಇದು ಡಾಂಬರು ರಸ್ತೆಯ ರೇಸಿನವರದ್ದು, ಅವರು ಇಳಿದು ನಡೆಯುವುದಿಲ್ಲ, ನಮಗೆ ಬೇಕಾದ್ದು ಬೇರೆ ಎಂದು ಮೇಷ್ಟ್ರಿಗೆ ಆಗ ಹೊಳೆಯಿತು. ಎರಡನೆಯ ಸಲ ತಂದದ್ದು ಗುಡ್ಡದ ಸೈಕಲ್ಲಿನದು. ಎರಡೇ ಸ್ಕ್ರೂವಿನ ಚಿಕ್ಕ ಕಬ್ಬಿಣ, ಅಟ್ಟೆಯೊಳಗೆ ಹುದುಗಿಕೊಂಡಿರುತ್ತದೆ, ನಡೆಯುವಾಗ ನೆಲಕ್ಕೆ ತಾಗುವುದಿಲ್ಲ. ಶೂ ಗಂಡುಹುಡುಗರ ಅಳತೆಯದು. ಬಲಗಾಲಿಗೆ ಸರಿಹೋಯಿತು. ಎಡಗಾಲಿಗೆ ಅವ್ವ ಹಳೆಯ ಸೀರೆಯ ಚೂರು ತುರುಕಿ, ದಿಂಬಿಗೆ ಹತ್ತಿ ತುಂಬಿದವಳ ಹಾಗೆ ಅದುಮಿ ನೋಡಿದಳು.

ಒಂದು ಭಾನುವಾರ ಮೇಷ್ಟ್ರು ಸ್ಪ್ಯಾನರ್ ಹಿಡಿದು ಮನೆಗೆ ಬಂದರು. ಹಳೆಯ ಪೆಡಲುಗಳನ್ನು ಬಿಚ್ಚಿ ಹೊಸದನ್ನು ಹಾಕುವುದು ಕೆಲಸ. ಬಲಗಡೆಯದು ಸುಲಭವಾಗಿ ಬಂತು. ಎಡಗಡೆಯದು ಬರಲಿಲ್ಲ. ಮೇಷ್ಟ್ರು ಬಲವೆಲ್ಲ ಹಾಕಿ ತಿರುಗಿಸಿದರು. ಸೀಮೆಎಣ್ಣೆ ಬಿಟ್ಟರು. ಸ್ಪ್ಯಾನರಿನ ಮೇಲೆ ಕಾಲಿಟ್ಟು ನಿಂತರು. ನಾನು ಸೈಕಲ್ ಹಿಡಿದು ಕೂತೆ, ಅವ್ವ ನನ್ನನ್ನು ಹಿಡಿದು ಕೂತಳು. ಎಡಗಡೆಯ ಪೆಡಲಿನ ಮರೆ, ಅಂದರೆ ಸ್ಕ್ರೂವಿನ ಸುತ್ತು, ತಿರುವುಮುರುವಾಗಿರುತ್ತದೆ, ಅದನ್ನು ಬಿಚ್ಚಲು ಉಲ್ಟಾ ತಿರುಗಿಸಬೇಕು ಎಂದು ಮೈಸೂರಿನ ಅಂಗಡಿಯವನು ಮೇಷ್ಟ್ರಿಗೆ ಹೇಳಿದ್ದನಂತೆ. ಆದರೆ ಯಾವುದಕ್ಕೆ ಉಲ್ಟಾ ಎಂಬಲ್ಲಿ ಅವರಿಗೆ ಗೊಂದಲವಾಗಿತ್ತು. ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿದ್ದರಿಂದ ಎಡ ಯಾವುದು, ಉಲ್ಟಾದ ಉಲ್ಟಾ ಯಾವುದು ಎಂದು ನಾವಿಬ್ಬರೂ ಗಾಳಿಯಲ್ಲಿ ಬೆರಳು ತಿರುಗಿಸುತ್ತ ಕೂತೆವು. ವಿಜ್ಞಾನದ ಟೀಚರಾಗಿ ನನಗೆ ಗೊತ್ತಿರಬೇಕಿತ್ತು. ಬಲಗೈ ಹೆಬ್ಬೆರಳಿನ ನಿಯಮವನ್ನು ಪ್ರಯೋಗಿಸಿದೆ, ಎಡಗೈಯಿಂದ. ಕೊನೆಗೆ ತಿಳಿದದ್ದೇನೆಂದರೆ ಅಷ್ಟು ಹೊತ್ತೂ ನಾವು ಅದನ್ನು ಬಿಗಿ ಮಾಡಿದ್ದೆವು. ಆಮೇಲೆ ಸರಿಯಾದ ದಿಕ್ಕಿಗೂ ಅದು ಅಲುಗಲಿಲ್ಲ. ಮುಂದಿನ ವಾರ ಉದ್ದನೆಯ ಸ್ಪ್ಯಾನರ್ ತರುತ್ತೇನೆ ಎಂದು ಮೇಷ್ಟ್ರು ಬಲಗಡೆಗೆ ಮಾತ್ರ ಹೊಸ ಪೆಡಲ್ ಹಾಕಿ ಬೆವರು ಒರೆಸಿಕೊಂಡರು.

ಈ ಅವಧಿಯಲ್ಲಿ ಅವ್ವ ತನ್ನ ಕೆಲಸ ಮುಗಿಸಿದ್ದಳು. ಬನ್ನೂರಿನಲ್ಲಿ ಮೇಷ್ಟ್ರ ಮನೆ ಯಾವ ಬೀದಿಯಲ್ಲಿ, ಜಮೀನು ಯಾವ ನಾಲೆಯ ಕೆಳಗೆ, ಯಾವ ಮಠದ ಒಕ್ಕಲು, ಅಕ್ಕತಂಗಿಯರನ್ನು ಎಲ್ಲಿಗೆ ಕೊಟ್ಟಿದ್ದಾರೆ, ಎಲ್ಲವನ್ನೂ ಒಂದೊಂದಾಗಿ ಬಿಡಿಸಿಕೊಂಡಿದ್ದಳು. ಪೆಡಲ್ ಒಂದೇ ಬಿಚ್ಚಲು ಬಾರದೆ ಉಳಿದದ್ದು. ನನ್ನ ವಿಷಯದಲ್ಲಿ ಅವ್ವನಿಗೆ ಒಂದು ಹಳೆಯ ಸಂಕಟವಿತ್ತು. ಹೆಣ್ಣು ನೋಡಲು ಬಂದವರು ನಾನು ಕೂತಿರುವಾಗ ಒಪ್ಪುತ್ತಿದ್ದರು, ಎದ್ದು ಒಳಗೆ ಹೋಗುವಾಗ ಬಿಡುತ್ತಿದ್ದರು. ಹಾಗಾಗಿ ಮೇಷ್ಟ್ರು ಹೊರಡುವಾಗ ಅವಳು ನೇರವಾಗಿ ಕೇಳಿಯೇಬಿಟ್ಟಳು:

“ಅಲ್ಲಪ್ಪ ಮೇಷ್ಟ್ರೇ, ರಜಾ ದಿನ ಬಿಟ್ಟು ಇಷ್ಟು ಒದ್ದಾಡ್ತಾ ಇದ್ದೀಯಲ್ಲ, ನಿನ್ನ ಮನಸ್ಸಲ್ಲಿ ಏನದೆ?”

ಮೇಷ್ಟ್ರು ಬಹಳ ಹೊತ್ತು ಯೋಚಿಸಿ ಹೇಳಿದರು: “ಸೀಟು ಒಸಿ ಇಳಿಸ್ಬೇಕೇನೋ ಅನ್ನುಸ್ತದೆ ಕಣವ್ವ.”

ಅವ್ವ ನನ್ನ ಮುಖ ನೋಡಿದಳು. ನಾನು ಸೀಟಿನ ಮುಖ ನೋಡಿದೆ.

ಆ ವಾರವೇ ಒಂದು ಬೆಳಿಗ್ಗೆ, ಬೀದಿಯಲ್ಲಿ ನೀರು ಬರುವ ಮುಂಚೆ, ಒಂದೇ ಬೀಗದ ಸೈಕಲ್ಲನ್ನು ಗೋಡೆಗೆ ಆನಿಸಿ ಹತ್ತಿದೆ. ಬಲಗಾಲು ಟಕ್ ಎಂದು ಕೂತಿತು. ಎಡಗಾಲನ್ನು ಕೈಯಿಂದಲೇ ಎತ್ತಿ ಹಳೆಯ ಪೆಡಲಿನ ಮೇಲಿಟ್ಟೆ. ಗೋಡೆಯನ್ನು ನೂಕಿ ತುಳಿದೆ. ಬಲಗಾಲು ಕೆಳಕ್ಕೆ ಹೋಯಿತು. ಮಾಮೂಲಿಯಾಗಿ ನನ್ನ ಸವಾರಿ ಇಲ್ಲಿಗೇ ಮುಗಿಯುತ್ತಿತ್ತು. ಮುಂದಿನ ಅರ್ಧ ಸುತ್ತು ಎಡಗಾಲಿನ ಪಾಲು, ಅದು ತನ್ನ ಪಾಲಿನ ಕೆಲಸ ಮಾಡುವಷ್ಟರಲ್ಲಿ ಸೈಕಲ್ ಓಲಾಡಿ ನಿಲ್ಲುತ್ತಿತ್ತು. ಆ ದಿನ ಗಾಬರಿಯಲ್ಲಿ ಬಲಗಾಲನ್ನು ಮೇಲಕ್ಕೆ ಎಳೆದುಕೊಂಡೆ. ಕಾಲಿನ ಜೊತೆಗೆ ಪೆಡಲೂ ಮೇಲೆ ಬಂತು. ಸುತ್ತು ಪೂರ್ತಿಯಾಯಿತು. ಮತ್ತೆ ತುಳಿದೆ, ಮತ್ತೆ ಎಳೆದೆ. ಎಡಗಾಲು ಪಾಪ, ಏನು ನಡೆಯುತ್ತಿದೆ ಎಂದು ಗೊತ್ತಿಲ್ಲದೆ ಜೊತೆಯಲ್ಲಿ ಸುತ್ತುತ್ತಿತ್ತು. ರೈಲ್ವೆ ಗೇಟಿನವರೆಗೆ ಹೋದೆ. ಗೇಟು ಹಾಕಿತ್ತು.

ಈಗ ನಿಲ್ಲಬೇಕು. ನಿಲ್ಲಲು ಕಾಲು ಊರಬೇಕು. ಊರುವ ಕಾಲು ನನಗೆ ಇರುವುದು ಒಂದೇ, ಬಲಗಾಲು. ಅದಕ್ಕೆ ಬೀಗ. ಇಷ್ಟನ್ನೂ ಯೋಚಿಸಿ ಮುಗಿಸುವಷ್ಟರಲ್ಲಿ ನಾನು ಗೇಟಿನ ಪಕ್ಕದ ಜಲ್ಲಿಯ ಮೇಲೆ ಮಲಗಿದ್ದೆ.

ಮುಂದಿನ ಭಾನುವಾರ ಮೇಷ್ಟ್ರು ಉದ್ದನೆಯ ಸ್ಪ್ಯಾನರ್ ತಂದರು. ಎಡಗಡೆಯದನ್ನು ಬಿಚ್ಚಬೇಡಿ ಎಂದೆ. ಅವರಿಗೆ ಅರ್ಥವಾಗಲಿಲ್ಲ. ನಾನು ಮೊಣಕೈಯ ತರಚು ಗಾಯ ತೋರಿಸಿ, ತುಳಿದದ್ದು ಎಳೆದದ್ದು ಎಲ್ಲ ಹೇಳಿದೆ. ಅವರು ಸ್ಪ್ಯಾನರನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತರು.

“ಅಂದ್ರೆ, ಚೆನ್ನಾಗಿರೋ ಕಾಲಿಗೇ ಬೀಗ ಹಾಕದಾ ಮೇಡಂ?”

“ಹೂಂ ಸಾರ್.”

“ನಿಲ್ಲೋವಾಗ ಊರೋದು ಯಾವ ಕಾಲು?”

“ಅದೇ ಕಾಲು.”

ಅವರು ಸ್ಪ್ಯಾನರನ್ನು ಒಮ್ಮೆ ಎಡಪೆಡಲಿನ ಕಡೆ, ಒಮ್ಮೆ ಬಲಪೆಡಲಿನ ಕಡೆ ತೋರಿಸಿ ಲೆಕ್ಕ ಹಾಕಿದರು. ಬಲಹೀನವಾದ ಕಾಲನ್ನು ತಾನೇ ಹಿಡಿದಿಡಬೇಕು, ಅದಕ್ಕೆಂದು ತಾನೇ ಇಷ್ಟೆಲ್ಲ ಮಾಡಿದ್ದು? ಆದರೆ ಎಡಗಾಲಿಗೆ ಬೀಗ ಹಾಕಿದರೆ ಅದು ಕಚ್ಚಿಕೊಳ್ಳುತ್ತದೆ, ಬಿಡಿಸಿಕೊಳ್ಳಲು ಹಿಮ್ಮಡಿ ತಿರುಗಿಸುವ ಶಕ್ತಿ ಅದಕ್ಕಿಲ್ಲ. ಬಲಗಾಲಿಗೆ ಹಾಕಿದರೆ ಬಿಡಿಸಿಕೊಳ್ಳುವ ಶಕ್ತಿ ಇದೆ, ಆದರೆ ಮರೆತರೆ ನೆಲಕ್ಕೆ ಊರಲು ಬೇರೆ ಕಾಲಿಲ್ಲ. ಹೇಗೆ ಲೆಕ್ಕ ಹಾಕಿದರೂ ಒಂದು ಕಡೆ ಬೀಳಲೇಬೇಕು. ಒಳಗಿನಿಂದ ಅವ್ವ, “ಲೋಕ ಎಲ್ಲ ಕಳ್ಳನ್ನ ಕಟ್ಟಾಕ್ತದೆ, ನೀವು ಯಜಮಾನನ್ನೇ ಕಟ್ಟಾಕ್ತಾ ಇದ್ದೀರಿ” ಎಂದಳು. ಅವಳಿಗೆ ಪೂರ್ತಿ ಅರ್ಥವಾದದ್ದು ಹಾಗೆ. ನಮ್ಮಿಬ್ಬರಿಗೆ ಅಷ್ಟೂ ಆಗಿರಲಿಲ್ಲ.

ಕೊನೆಗೆ ಮೇಷ್ಟ್ರು ಒಪ್ಪಿದರು. ಎಡಗಡೆಯ ಹಳೆಯ ಪೆಡಲಿಗೆ ಹಿಂದಿನ ಕಾಲದ ರೇಸಿನವರು ಹಾಕಿಕೊಳ್ಳುತ್ತಿದ್ದ ತಂತಿಯ ಗೂಡೊಂದನ್ನು ಕೂರಿಸಿದರು. ಬೆರಳು ತೂರಿಸಿದರೆ ಪಾದ ಕೂತಿರುತ್ತದೆ, ಎಳೆದರೆ ಬರುತ್ತದೆ, ಬೀಗವಿಲ್ಲ. ಅದಕ್ಕೆ ಹೆಸರು ಕ್ಲಿಪ್ ಎಂದರು. ಈ ಕ್ಲಿಪ್ ಇಲ್ಲದ್ದರಿಂದ ಬೀಗದ ಪೆಡಲ್ ಕ್ಲಿಪ್‌ಲೆಸ್. ಆಗ ನನಗೆ ಹೆಸರಿನ ಮೂಲ ತಿಳಿಯಿತು. ತಿಳಿದು ಗೊಂದಲವೇನೂ ಕಡಿಮೆಯಾಗಲಿಲ್ಲ. ಕ್ಲಿಪ್ ಇರುವ ಕಡೆ ಕಾಲು ಸಡಿಲ, ಕ್ಲಿಪ್ ಇಲ್ಲದ ಕಡೆ ಕಾಲು ಬಂಧನದಲ್ಲಿ.

ಬಂಧನದ ಬಿಗಿ ಹೆಚ್ಚು ಕಡಿಮೆ ಮಾಡಲು ಪೆಡಲಿನ ಹಿಂದೆ ಒಂದು ಪುಟ್ಟ ಸ್ಕ್ರೂ ಇತ್ತು. ಅದನ್ನು ಎಷ್ಟು ಸಡಿಲಿಸಲು ಸಾಧ್ಯವೋ ಅಷ್ಟು ಸಡಿಲಿಸಿದರು. ಹಿಮ್ಮಡಿ ಸ್ವಲ್ಪ ಅಲುಗಿದರೂ ಬಿಟ್ಟುಕೊಳ್ಳಬೇಕು. ಮೊದಮೊದಲು ಅದು ಬೇಡದಿದ್ದಾಗ ಬಿಟ್ಟುಕೊಂಡಿತು, ಬೇಕಾದಾಗ ನಾನು ಮರೆತೆ. ಮನೆಯ ಮುಂದಿನ ಬೀದಿಯಲ್ಲಿ ಅಭ್ಯಾಸ ನಡೆಯಿತು. ನಿಲ್ಲುವ ಮುಂಚೆ ಹಿಮ್ಮಡಿ ಹೊರಕ್ಕೆ. ಬಾಯಲ್ಲಿ ಹೇಳಿಕೊಂಡೆ. ರಾತ್ರಿ ನಿದ್ದೆಯಲ್ಲಿ ನನ್ನ ಹಿಮ್ಮಡಿ ತಿರುಗಿ ಅವ್ವನ ಮೊಣಕಾಲಿಗೆ ತಾಗುತ್ತಿತ್ತು.

ಅಷ್ಟರಲ್ಲಿ ಬಲಮಂಡಿ ನೋಯತೊಡಗಿತು. ಮೊದಲು ಯಾರಿಗೂ ಹೇಳಲಿಲ್ಲ. ಎರಡು ಕಾಲಿದ್ದವರಿಗೆ ಒಂದು ಮಂಡಿ ನೋವು ಎಂದರೆ ಎಣ್ಣೆ ಹಚ್ಚುವ ವಿಷಯ. ನನಗಿರುವುದೇ ಒಂದು. ಅದೂ ಕೈಕೊಟ್ಟರೆ ಬಿ.ಇ.ಓ. ಆಫೀಸಿನ ಮೆಟ್ಟಿಲನ್ನೂ ಹತ್ತಲಾರೆ. ಒಂದು ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಕಂಬ ಹಿಡಿದು ನಿಂತೆ. ಮೊದಲ ಸಲ ನಿಜವಾದ ಹೆದರಿಕೆಯಾಯಿತು. ಮೇಷ್ಟ್ರು ಬಂದಾಗ ಸೈಕಲ್ ವಾಪಸು ಒಯ್ಯಿರಿ, ಸಾಕು ಎಂದೆ. ಅವರು ಕಾರಣ ಕೇಳಿದರು. ನಾನು ಹೇಳಲಿಲ್ಲ. ಅವ್ವ ಹೇಳಿದಳು.

ಅವರು ಶೂವನ್ನು ತಿರುಗಿಸಿ ಆ ಕಬ್ಬಿಣದ ತುಂಡನ್ನು ನೋಡಿದರು. ಹೆಬ್ಬೆರಳಿನ ಬುಡದ ಗಂಟಿನ ಕೆಳಗೇ ಇತ್ತು, ನೇರವಾಗಿಯೇ ಇತ್ತು, ಪುಸ್ತಕದಲ್ಲಿ ಹೇಳಿದ ಹಾಗೆ. ತಪ್ಪು ಕಾಣಲಿಲ್ಲ. ಬೇಸರದಿಂದ ನಾನು ಬಚ್ಚಲಿಗೆ ಹೋಗಿ ಕಾಲು ತೊಳೆದುಕೊಂಡು ಒಳಗೆ ಬಂದೆ. ಅವರು ನೆಲ ನೋಡುತ್ತಿದ್ದರು. ರೆಡ್‌ಆಕ್ಸೈಡ್ ನೆಲದ ಮೇಲೆ ನನ್ನ ಒದ್ದೆ ಹೆಜ್ಜೆಗಳು ಬಚ್ಚಲಿನಿಂದ ನಡುಮನೆಯವರೆಗೆ ಮೂಡಿದ್ದವು. ಎಡಗಾಲಿನದು ಅರ್ಧಂಬರ್ಧ. ಬಲಗಾಲಿನದು ಪೂರ್ತಿ, ಆದರೆ ಪ್ರತಿ ಹೆಜ್ಜೆಯಲ್ಲೂ ಬೆರಳುಗಳು ಹೊರಗಡೆಗೆ ಮುಖ ಮಾಡಿದ್ದವು. ಇಷ್ಟು ವರ್ಷ ಎಡಗಾಲಿನ ಭಾರವನ್ನೂ ಹೊತ್ತು ನಡೆದು ಅದು ಹಾಗೆ ತಿರುಗಿಕೊಂಡಿತ್ತು. ನನಗೇ ಗೊತ್ತಿರಲಿಲ್ಲ. ಮೇಷ್ಟ್ರು ಮಂಡಿಯೂರಿ ಕೂತು ಒಂದು ಹೆಜ್ಜೆಯ ಪಕ್ಕ ಶೂವನ್ನಿಟ್ಟು, ಒಣಗುವ ಮುಂಚೆ, ಅದರ ಓರೆಗೆ ಸರಿಯಾಗಿ ಕಬ್ಬಿಣವನ್ನು ತಿರುಗಿಸಿ ಬಿಗಿದರು. ಆಮೇಲೆ ಅವರು ಎದ್ದು ಇನ್ನೊಂದು ಹೆಜ್ಜೆಯನ್ನು ತುಳಿಯದೆ ದಾಟಿ ಹೊರಗೆ ಹೋದರು. ನನಗೆ ಏನೆನ್ನಿಸಿತು ಎಂದು ಈಗಲೂ ಸರಿಯಾಗಿ ಹೇಳಲಾರೆ. ನಾಚಿಕೆಯೋ, ಸಿಟ್ಟೋ. ಹೆಣ್ಣು ನೋಡಲು ಬಂದವರು ಯಾರೂ ನೆಲ ನೋಡಿರಲಿಲ್ಲ. ಮಂಡಿ ನೋವು ಮೆಲ್ಲಗೆ ಇಳಿಯಿತು.

ದಸರಾ ರಜೆ ಮುಗಿದ ದಿನ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ದೇವನೂರಿಗೆ ಹೋದೆ. ಅಲ್ಲಿನ ದಿನಸಿ ಅಂಗಡಿಯ ಜಗಲಿ ಹಿಡಿದು ಹತ್ತಿದೆ. ಏರಿಯ ಮೇಲೆ ಒಂದು ಕಡೆ ನಾಲೆ, ಒಂದು ಕಡೆ ಗದ್ದೆ. ಎದುರಿಗೆ ಬಂದ ಎಮ್ಮೆಗಳಿಗೆ ನಾನು ದಾರಿ ಬಿಡಲಾರೆ ಎಂಬುದು ಹೇಗೋ ತಿಳಿದು ಅವೇ ಸರಿದವು. ಪ್ರಾರ್ಥನೆ ನಡೆಯುತ್ತಿರುವಾಗ ಶಾಲೆಯ ಗೇಟಿಗೆ ಬಂದೆ. ಹಿಮ್ಮಡಿ ತಿರುಗಿಸಿದೆ, ಕಾಲು ಊರಿದೆ, ನಿಂತೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಪ್ರಾರ್ಥನೆಯಲ್ಲಿ ತಟ್ಟುವ ಹಾಗಿಲ್ಲ. ಹೆಡ್‌ಮಾಸ್ಟರು ಕಣ್ಣು ಮುಚ್ಚಿದ್ದವರು ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿದರು. ಡೆಪ್ಯುಟೇಷನ್ ವಿಷಯವನ್ನು ಅವರು ಆಮೇಲೆ ಎತ್ತಲಿಲ್ಲ. ಎಂಟನೇ ತರಗತಿಯವರು ಮಾತ್ರ ಟೀಚರ್ ಶೂನಲ್ಲಿ ಆಯಸ್ಕಾಂತ ಇದೆ ಎಂದು ಊರೆಲ್ಲ ಹೇಳಿದರು.

ಅಲ್ಲಿಗೆ ಮೇಷ್ಟ್ರಿಗೆ ನಮ್ಮ ಮನೆಗೆ ಬರಲು ಕಾರಣ ಉಳಿಯಲಿಲ್ಲ. ಭಾನುವಾರಗಳು ಬಂದು ಹೋದವು. ಅವ್ವ ಕಾಫಿಪುಡಿ ಹೆಚ್ಚು ತರಿಸಿಟ್ಟಿದ್ದಳು, ಅದು ಹಾಗೇ ಉಳಿಯಿತು. ಸ್ಟಾಫ್ ರೂಮಿನಲ್ಲಿ ಅವರು ಪೆಡಲ್ ಹೇಗಿದೆ ಎಂದು ಕೇಳುತ್ತಿದ್ದರು, ಚೆನ್ನಾಗಿದೆ ಎನ್ನುತ್ತಿದ್ದೆ. ಚೆನ್ನಾಗಿಲ್ಲ ಎನ್ನಬೇಕಿತ್ತೋ ಏನೋ. ಕ್ರಿಸ್‌ಮಸ್ ರಜೆಯ ದಿನ ಅವರು ಬಂದು, ಬನ್ನೂರಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದೇನೆ, ನರಸೀಪುರ ದಾರಿಯಲ್ಲೇ ಇದೆ, ಮಾವನನ್ನು ನೋಡುವುದಿದ್ದರೆ ಅಲ್ಲಿಯವರೆಗೆ ಬರಬಹುದಲ್ಲ ಎಂದರು. ಅವ್ವ ನನಗಿಂತ ಮೊದಲು ಹೂಂ ಎಂದಳು.

ಅಷ್ಟು ದೂರ ನಾನು ಹಿಂದೆಂದೂ ಹೋಗಿರಲಿಲ್ಲ. ಬಿಸಿಲು ಏರುವ ಮುಂಚೆ ಹೊರಟೆವು. ಅವರು ಮುಂದೆ, ನಾನು ಹಿಂದೆ. ಹಿಂದೆ ಬಿದ್ದರೆ ಅವರಿಗೆ ಸದ್ದಿನಿಂದಲೇ ಗೊತ್ತಾಗುತ್ತಿತ್ತು, ನಿಧಾನಿಸುತ್ತಿದ್ದರು. ದಾರಿಯ ಮಧ್ಯೆ ಒಂದು ಟೀ ಅಂಗಡಿಯಲ್ಲಿ ನಿಂತೆವು. ಇಳಿದು ಹತ್ತುವುದು ಪೇಚಾಟವೆಂದು ನಾನು ಚಪ್ಪರದ ಕಂಬ ಹಿಡಿದು ಸೈಕಲ್ಲಿನ ಮೇಲೆಯೇ ಕೂತು ಟೀ ಕುಡಿದೆ. ಅವರು ಲೋಟದೊಳಗೆ ನೋಡುತ್ತ ಹೇಳಿದರು:

“ನಮ್ಮವ್ವ ಕೇಳ್ತಿತ್ತು ಮೇಡಂ. ಬನ್ನೂರು ಮನೇಲಿ ಬಾಗ್ಲು ಮೆಟ್ಲು ಬಾಳ ಎತ್ತರ. ನಡುವೆ ಒಂದು ಕಲ್ಲು ಕೂರಿಸಿಬುಟ್ರೆ ಟೀಚರಮ್ಮಂಗೆ ಹತ್ತಾಕೆ ಸರಿಓಯ್ತದಾ ಅಂತ.”

ನಾನು ಹೇಳಿದೆ: “ಕೂರಿಸಿ ಸಾರ್. ವಯಸ್ಸಾದೋರಿಗೂ ಒಳ್ಳೇದು.”

ಅವರು ಉಳಿದ ಟೀಯನ್ನು ಒಂದೇ ಗುಟುಕಿಗೆ ಕುಡಿದು, “ಮುಂದೆ ಏರು ಸಿಕ್ತದೆ. ಗೇರು ಇಳಿಸ್ಕಳಿ” ಎಂದು ಲೋಟ ಇಟ್ಟು ಸೈಕಲ್ ಹತ್ತಿದರು.

ಏರು ಬಂತು, ಗೇರು ಇಳಿಸಿದೆ. ಇಳಿಜಾರು ಬಂತು. ಎರಡೂ ಬದಿಗೆ ನೀರು ಕಟ್ಟಿದ ಗದ್ದೆಗಳು, ನಾಟಿಗೆ ಹದ ಮಾಡಿದ ಕೆಸರು. ಗಾಳಿ ತಣ್ಣಗಿತ್ತು. ಬನ್ನೂರಿನ ಮೆಟ್ಟಿಲಿಗೆ ಯಾವ ಕಲ್ಲು ಹಾಕಿಸುತ್ತಾರೋ, ಚಪ್ಪಡಿಯಾದರೆ ಮಳೆಯಲ್ಲಿ ಜಾರುತ್ತದೋ ಎಂದು ಯೋಚಿಸುತ್ತಿದ್ದೆ. ಅವರ ಶಾಲೆಯಲ್ಲಿ ಟೀಚರಮ್ಮ ಯಾರಿದ್ದಾರೆ ಎಂದೂ ಯೋಚಿಸಿದೆ. ಅವರ ಶಾಲೆ ನಮ್ಮದೇ ಶಾಲೆ. ನಮ್ಮ ಶಾಲೆಯಲ್ಲಿ ನಾಗರತ್ನ ಹೋದ ಮೇಲೆ ಇರುವ ಟೀಚರಮ್ಮ ನಾನೊಬ್ಬಳೇ. ಮೆಟ್ಟಿಲು ಹತ್ತಲು ಕಲ್ಲು ಬೇಕಾದವಳೂ ನಾನೊಬ್ಬಳೇ. ಅವರ ಮನೆಯ ಮೆಟ್ಟಿಲನ್ನು ನಾನು ಯಾಕೆ...

ಅಷ್ಟಕ್ಕೆ ನನ್ನ ಕೈ ತಾನಾಗಿ ಬ್ರೇಕ್ ಹಿಡಿಯಿತು. ಸೈಕಲ್ ನಿಂತಿತು. ನಿಂತ ಮೇಲೆ ಕಾಲು ನೆನಪಾಯಿತು. ಅಷ್ಟರಲ್ಲಿ ಗದ್ದೆ ಹತ್ತಿರ ಬಂದಿತ್ತು.

ಕೆಸರು ಮೆತ್ತಗಿತ್ತು. ಬೆನ್ನ ಮೇಲೆ ಬಿದ್ದಿದ್ದೆ, ಸೈಕಲ್ ನನ್ನ ಮೇಲೆ, ಬಲಗಾಲು ಇನ್ನೂ ಅದಕ್ಕೇ ಅಂಟಿಕೊಂಡಿತ್ತು. ಒಂದು ಬೆಳ್ಳಕ್ಕಿ ಸ್ವಲ್ಪ ದೂರ ಹಾರಿ ಕೂತು ನನ್ನನ್ನೇ ನೋಡಿತು. ಮೇಷ್ಟ್ರು ತಮ್ಮ ಸೈಕಲ್ಲನ್ನು ರಸ್ತೆಯ ಮಧ್ಯೆಯೇ ಬಿಟ್ಟು ಓಡಿ ಬಂದು ಬದುವಿನಿಂದ ಇಳಿದರು. ಯಾವ ಕಾಲಿಗೆ ಪೆಟ್ಟಾಯಿತು ಎಂದು ಕೇಳಿದರು.

“ಎರಡೂ ಚೆನ್ನಾಗವೆ ಸಾರ್” ಎಂದೆ. “ಆಗ ಟೀ ಅಂಗಡೀಲಿ ಏನೋ ಹೇಳಿದ್ರಲ್ಲ, ಅದನ್ನ ಇನ್ನೊಂದ್ಸಲ ಹೇಳಿ.”

ಅವರು ಗಲಿಬಿಲಿಯಿಂದ ನೋಡಿದರು. “ಏರು ಸಿಕ್ತದೆ, ಗೇರು ಇಳಿಸ್ಕಳಿ ಅಂದೆ.”

“ಅದಲ್ಲ. ಅದಕ್ಕೆ ಮುಂಚೆ ಹೇಳಿದ್ದು.”

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನನ್ನನ್ನು ಎತ್ತುವುದನ್ನೂ ಮರೆತು, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ನನ್ನ ಪಕ್ಕ ಕೆಸರಿನಲ್ಲಿ ಕೂತು, ಅವರ ಅವ್ವ ಏನು ಕೇಳಿದರು ಎಂಬುದನ್ನು ಮೊದಲಿನಿಂದ, ನಿಧಾನವಾಗಿ ಹೇಳತೊಡಗಿದರು.